ಇಪ್ಪತ್ತೇಳನೇ ನಂಬರಿನ ಹಾಜರಿ

ನಮ್ಮೂರಿನ ಕ್ಷೌರದಂಗಡಿಗಳಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಯಾರ ಕೆನ್ನೆಯ ಮೇಲೂ ಕತ್ತಿ ಇಡುವುದಿಲ್ಲ. ಆ ಹೊತ್ತಿಗೆ ಹೈಸ್ಕೂಲಿನಲ್ಲಿ ಯಾವುದಾದರೊಂದು ಹಳೇ ಬ್ಯಾಚಿನ ಹಾಜರಿ ಕೂಗುತ್ತಾರೆ. ಆ ಬ್ಯಾಚಿನವರು ಊರ ಗಡಿಕಲ್ಲಿನೊಳಗೆ ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ತಮ್ಮ ನಂಬರು ಬಂದೊಡನೆ ಬಾಯಿ ತಾನಾಗಿ ತೆರೆದುಕೊಂಡು ‘ಹಾಜರ್ ಸಾರ್’ ಅಂದುಬಿಡುತ್ತದೆ. ಕೂಗಿದ್ದು ಕಿವಿಗೆ ಬೀಳಬೇಕೆಂದೇನೂ ಇಲ್ಲ. ತಡೆದುಕೊಳ್ಳಲು ಹೋದವರಿಗೆ ಬಿಕ್ಕಳಿಕೆ ಹಿಡಿದು ಮೂರು ದಿನ ಬಿಡುವುದಿಲ್ಲ. ಹತ್ತನೇ ತರಗತಿಯಲ್ಲಿ ನೂರು ದಿನ ಹಾಜರ್ ಅಂದರೆ ಸಾಕು, ನಂಬರು ಬಾಯಲ್ಲಿ ಉಳಿದುಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಶುಕ್ರವಾರ ಹತ್ತಕ್ಕೆ ಮುಹೂರ್ತ ಇಡುವುದಿಲ್ಲ, ಹಲ್ಲು ಕೀಳುವುದಿಲ್ಲ, ಅತ್ತೆ ಬಂದಾಗ ಅಟ್ಟದಲ್ಲಿ ಅಡಗಿಕೊಳ್ಳುವ ಅಳಿಯಂದಿರು ಅವತ್ತು ಅಡಗುವುದಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಆಕಳಿಕೆ ಇದ್ದ ಹಾಗೆ.

ನಾನು ಮರುಳಪ್ಪ, ಹಿಟ್ಟಿನ ಗಿರಣಿಯವನು. ನನ್ನ ನಂಬರು ಇಪ್ಪತ್ತಾರು. ಎಲ್ಲರ ಬಾಯಲ್ಲೂ ಒಂದು ನಂಬರಿದ್ದರೆ ನನ್ನ ಬಾಯಲ್ಲಿ ಎರಡಿದ್ದವು, ಇದೇ ನನ್ನ ಕಷ್ಟ. ವರ್ಷಕ್ಕೊಮ್ಮೆ ನಮ್ಮ ಬ್ಯಾಚಿನ ಸರದಿ ಬಂದಾಗ ಇಪ್ಪತ್ತಾರಕ್ಕೆ ನನ್ನ ಒರಟು ದನಿಯಲ್ಲಿ ಒಂದು ಹಾಜರ್ ಬರುತ್ತಿತ್ತು, ಅದರ ಬೆನ್ನಿಗೇ ಇಪ್ಪತ್ತೇಳಕ್ಕೆ ಮೂಗಿನಲ್ಲಿ ಎಳೆದ, ಹದಿನಾರು ವರ್ಷದ ಹುಡುಗನ ಇನ್ನೊಂದು ಹಾಜರ್. ಮದುವೆಯಾದ ಹೊಸದರಲ್ಲಿ ದಾಕ್ಷಾಯಿಣಿ ಇದನ್ನು ಕೇಳಿ ಕೈಲಿದ್ದ ಸಾರಿನ ಸೌಟು ಕೆಳಗೆ ಹಾಕಿದ್ದಳು. ಅವಳಿಗೆ ನಿಜ ಹೇಳಿದೆ. ಬೇರೆ ಯಾರಿಗೂ ಹೇಳಲಿಲ್ಲ. ಆ ಶುಕ್ರವಾರ ಬಂತೆಂದರೆ ಗಿರಣಿಯ ಬಾಗಿಲು ಹಾಕಿಕೊಂಡು, ಕಾಳು ಹಾಕದೆ ಬರೀ ಕಲ್ಲು ತಿರುಗಿಸಿ, ಆ ಸದ್ದಿನೊಳಗೆ ಎರಡೂ ಹಾಜರ್ ಹೇಳಿ ಮುಗಿಸುತ್ತಿದ್ದೆ. ಖಾಲಿ ಕಲ್ಲು ತಿರುಗಿಸಿದರೆ ಕಲ್ಲು ಹಾಳು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಮೂವತ್ತಾರು ವರ್ಷ ಹಾಗೇ ಮಾಡಿದೆ.

ಇಪ್ಪತ್ತೇಳು ಗುಣಪಾಲನ ನಂಬರು. ಹತ್ತನೇ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂರಬೇಕಾದವನು. ಕೂರಬೇಕಾದವನು ಅಂದೆ, ಕೂತವನು ಅನ್ನಲಿಲ್ಲ. ಬೆಳಿಗ್ಗೆ ಮನೆಯಿಂದ ಚೀಲ ಹಾಕಿಕೊಂಡು ಹೊರಟವನು ಹೈಸ್ಕೂಲಿನ ತಿರುವಿನಲ್ಲಿ ದಾರಿ ಬದಲಿಸಿ ದೊಡ್ಡಕೆರೆಗೆ ಹೋಗಿಬಿಡುತ್ತಿದ್ದ. ಅಲ್ಲಿ ಹರಿಗೋಲಿನವರ ಜೊತೆ ಹುಟ್ಟು ಹಾಕುತ್ತ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಮೂಗು ಮೇಲೆ ಮಾಡಿ ನೋಡುತ್ತ ಇಡೀ ದಿನ ಕಳೆಯುತ್ತಿದ್ದ. ಮೊದಲ ದಿನ ಅವನಿಗೋಸ್ಕರ ಅವನ ಹಾಗೇ ಮೂಗಿನಲ್ಲಿ ಎಳೆದು ಹಾಜರ್ ಅಂದದ್ದು ತಮಾಷೆಗೆ. ಸಂಜೆ ಅವನು ಒದ್ದೆ ಚಡ್ಡಿಯಲ್ಲಿ ಬಂದು, ನಡುನೀರಿನಲ್ಲಿ ನಿಂತರೆ ಊರು ಹೇಗೆ ಚಿಕ್ಕದಾಗಿ ಕಾಣುತ್ತದೆ ಎಂದು ಹೇಳಿದ. ನನಗೆ ನೀರೆಂದರೆ ಪ್ರಾಣ ಹೋಗುವಷ್ಟು ಹೆದರಿಕೆ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಕಿರುಚುವವನು ನಾನು. ಆದರೆ ಅವನ ಬಾಯಿಂದ ಕೇಳುವ ನೀರು ರುಚಿಯಾಗಿತ್ತು. ಎರಡನೇ ದಿನವೂ ಹೇಳಿದೆ, ಮೂರನೇ ದಿನವೂ ಹೇಳಿದೆ. ಪರೀಕ್ಷೆಗೆ ಮಾತ್ರ ನನ್ನ ನೋಟ್ಸು ಓದಿಕೊಂಡು ಬಂದು ನನಗಿಂತ ಹೆಚ್ಚು ಅಂಕ ತೆಗೆದ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾದೀತು.

ಹಾಜರಿ ಕೂಗುತ್ತಿದ್ದವರು ತಿಮ್ಮರಸಯ್ಯ ಮೇಷ್ಟ್ರು. ರಿಜಿಸ್ಟರಿನಿಂದ ತಲೆ ಎತ್ತದೆ ಕೂಗುವುದು ಅವರ ಪದ್ಧತಿ. ಮುಖ ನೋಡಿ ಹಾಜರಿ ಹಾಕುವವನು ಮೇಷ್ಟ್ರಲ್ಲ, ಪೊಲೀಸು ಎನ್ನುತ್ತಿದ್ದರು. ತಮ್ಮ ರಿಜಿಸ್ಟರಿನಲ್ಲಿ ಒಂದೇ ಒಂದು ಸುಳ್ಳು ಗುರುತಿಲ್ಲ ಎಂಬುದು ಅವರ ಜೀವನದ ಹೆಮ್ಮೆ. ನಿವೃತ್ತಿಯ ದಿನ ಅವರು ಮಾಡಿದ ಭಾಷಣ ಅದೊಂದೇ ವಾಕ್ಯ. ನಾನು ಕೆಳಗೆ ಕೂತು ಚಪ್ಪಾಳೆ ಹೊಡೆದಿದ್ದೆ.

ಗುಣಪಾಲ ಹಡಗು ಸೇರಿದ, ಮೆಲ್ಲಗೆ ಮೇಲೇರಿ ಕ್ಯಾಪ್ಟನ್ ಆದ. ಸಮುದ್ರವೇ ಇಲ್ಲದ ನಮ್ಮೂರಿಗೆ ಒಬ್ಬ ಹಡಗಿನ ಕ್ಯಾಪ್ಟನ್. ಎರಡು ವರ್ಷದ ಹಿಂದೆ ಬಿರುಗಾಳಿಯಲ್ಲಿ ದೋಣಿ ಮಗುಚಿ ತೇಲುತ್ತಿದ್ದ ಇಪ್ಪತ್ತಮೂರು ಮೀನುಗಾರರನ್ನು ಹಗ್ಗ ಎಸೆದು ಒಬ್ಬೊಬ್ಬರನ್ನೇ ಎಳೆದುಕೊಂಡನಂತೆ. ಪತ್ರಿಕೆಯಲ್ಲಿ ಫೋಟೋ ಬಂತು. ಆಗ ನಮ್ಮೂರು ಎದ್ದು ಕೂತಿತು. ಫೋಟೋ ಸ್ಟುಡಿಯೋದ ಇಂದುಮತಿ ನಮ್ಮ ಬ್ಯಾಚಿನ ಮೂವತ್ತೊಂದು, ಹಳೇ ವಿದ್ಯಾರ್ಥಿ ಸಂಘದ ಅಧ್ಯಕ್ಷೆ. ಐದು ತಿಂಗಳ ರಜೆಗೆ ಅವನು ಬರುತ್ತಾನೆಂದು ತಿಳಿದದ್ದೇ ತಡ, ಭಾನುವಾರ ಸನ್ಮಾನ ಎಂದು ಊರೆಲ್ಲ ಬ್ಯಾನರು ಕಟ್ಟಿಸಿದಳು. ಅವನ ಹೆಸರಿಗಿಂತ ದೊಡ್ಡದಾಗಿ ‘ನಂಬರ್ ಇಪ್ಪತ್ತೇಳು’ ಎಂದು ಬರೆಸಿದ್ದಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ನಾನು ಪಕ್ಕದ ಓಣಿ ಹಿಡಿಯುತ್ತಿದ್ದೆ.

ಯಾಕೆಂದರೆ ನಮ್ಮ ಹೈಸ್ಕೂಲಿನಲ್ಲಿ ಸನ್ಮಾನಕ್ಕೊಂದು ಕ್ರಮವಿದೆ. ಶಾಲು ಹೊದಿಸುವ ಮೊದಲು ಅವರ ನಂಬರು ಕೂಗಬೇಕು. ಯಾರ ಬಾಯಿಂದ ಹಾಜರ್ ಬರುತ್ತದೋ ಅವರಿಗೇ ಶಾಲು. ಹಿಂದೆ ಯಾವನೋ ಪರವೂರಿನವನು ಹಳೇ ವಿದ್ಯಾರ್ಥಿ ಎಂದು ಹೇಳಿಕೊಂಡು ಶಾಲು, ಹಾರ, ಹಣ್ಣಿನ ಬುಟ್ಟಿ ಹೊತ್ತುಕೊಂಡು ಹೋದಮೇಲೆ ಮಾಡಿದ ಕ್ರಮ ಇದು, ಒಮ್ಮೆಯೂ ಮುರಿದಿಲ್ಲ. ಈ ಸಲ ಕೂಗಲು ಬರುವವರು ಸಾಕ್ಷಾತ್ ತಿಮ್ಮರಸಯ್ಯ ಮೇಷ್ಟ್ರು. ಎಂಬತ್ತೆರಡು ವರ್ಷ, ಕಣ್ಣು ಮಂಜು. ತಾವೇ ಹೇಳಿ ಕಳಿಸಿದ್ದರಂತೆ, ಇವನನ್ನು ನಾನೇ ಕೂಗಬೇಕು ಎಂದು.

ಶನಿವಾರ ಗುಣಪಾಲ ಬಂದಿಳಿದ. ಊರಿನವರ ಕೈಯಿಂದ ತಪ್ಪಿಸಿಕೊಂಡು ಗಿರಣಿಗೆ ಬಂದು ನನ್ನನ್ನು ತಬ್ಬಿದ, ಅವನ ನೀಲಿ ಕೋಟು ಬಿಳಿಯಾಯಿತು. ನಾನು ಬಾಗಿಲು ಹಾಕಿ ವಿಷಯ ಹೇಳಿದೆ. ಅವನು ಮೊದಲು ಬಿದ್ದು ಬಿದ್ದು ನಕ್ಕ. ಮಧ್ಯದಲ್ಲಿ ಊರಿಗೆ ಬಂದಿದ್ದು ಮೂರೇ ಸಲ, ನಮ್ಮ ಸರದಿಯ ಶುಕ್ರವಾರಕ್ಕೆ ಒಮ್ಮೆಯೂ ಸಿಕ್ಕಿರಲಿಲ್ಲ, ಹಾಗಾಗಿ ತನ್ನ ಬಾಯಿ ಖಾಲಿ ಎಂಬುದು ಅವನಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಕೂಗಲು ಬರುತ್ತಾರೆ ಅಂದಾಗ ನಗು ನಿಂತಿತು.

ಇಬ್ಬರೂ ಕೂತು ಒಂದು ಉಪಾಯ ಮಾಡಿದೆವು. ನಾನು ಹಾರದ ತಟ್ಟೆ ಹಿಡಿದು ಸರಿಯಾಗಿ ಅವನ ಕುರ್ಚಿಯ ಹಿಂದೆ ನಿಲ್ಲುವುದು. ನಂಬರು ಕೂಗಿದಾಗ ಹಾಜರ್ ನನ್ನ ಬಾಯಿಂದ ಹೊರಡುತ್ತದೆ, ಅವನು ತುಟಿ ಆಡಿಸುವುದು. ಗಿರಣಿಯಲ್ಲೇ ಹತ್ತಾರು ಸಲ ಅಭ್ಯಾಸ ಮಾಡಿದೆವು. ಬಿರುಗಾಳಿಗೆ ಹೆದರದವನು ತುಟಿ ಆಡಿಸಲು ನಡುಗುತ್ತಿದ್ದ. ದಾಕ್ಷಾಯಿಣಿ ಕಾಫಿ ತಂದಿಟ್ಟು, ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಊರುಗೋಲು ಎಂದು ಹೇಳಿ ಹೋದಳು. ಅವಳ ಮಾತನ್ನು ಕೇಳದೆ ಕೆಟ್ಟವನು ನಾನು, ಅದು ಮೊದಲ ಸಲವೇನಲ್ಲ.

ಭಾನುವಾರ ಸಭಾಂಗಣದಲ್ಲಿ ಎಳ್ಳು ಬಿದ್ದರೆ ಕೆಳಗಿಳಿಯದಷ್ಟು ಜನ. ಕಿಟಕಿಯ ಸರಳುಗಳಿಗೂ ಜನ ಜೋತುಬಿದ್ದಿದ್ದರು. ನಮ್ಮ ಬ್ಯಾಚಿನವರಿಗೆಲ್ಲ ಮೊದಲ ಸಾಲು. ತಲೆ ನೆರೆತವರು, ಮೊಮ್ಮಕ್ಕಳನ್ನು ಕಂಡವರು ಎಲ್ಲ ಒಬ್ಬರನ್ನೊಬ್ಬರು ನಂಬರು ಹಿಡಿದು ಕರೆಯುತ್ತ, ತಳ್ಳಾಡುತ್ತ ಹದಿನಾರರ ಹುಡುಗರಾಗಿದ್ದರು. ನಾನು ತಟ್ಟೆ ಹಿಡಿದು ಕುರ್ಚಿಯ ಹಿಂದೆ ನಿಂತೆ. ತಟ್ಟೆಗೆ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದ್ದ ಇಂದುಮತಿ, ನಿನಗೇನು ಬಂತೋ ಎಂಬಂತೆ ನನ್ನನ್ನು ನೋಡಿದಳು. ಮೇಷ್ಟ್ರನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ಎದುರಿಗೆ ನಮ್ಮ ಹಳೇ ರಿಜಿಸ್ಟರು. ಓದಲು ಕಣ್ಣಿಲ್ಲದಿದ್ದರೂ ಅದರ ಮೇಲೆ ಕೈಯಿಟ್ಟುಕೊಂಡರು. ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಇಂದುಮತಿ, ಈ ಹಾಜರ್ ಊರಿಗೆಲ್ಲ ಕೇಳಿಸಬೇಕು ಎಂದು ಹೇಳಿ ಮೈಕನ್ನು ತಂದು ಗುಣಪಾಲನ ಮೂತಿಯ ಮುಂದೆ ಇಟ್ಟಳು.

ಮೇಷ್ಟ್ರು ಕೂಗಿದರು, “ಇಪ್ಪತ್ತೇಳು.” ಮೈಕಿನ ಮುಂದೆ ಗುಣಪಾಲನ ತುಟಿ ಚೆಂದವಾಗಿ ಆಡಿತು. ಹೊರಗಿನ ಸ್ಪೀಕರುಗಳಲ್ಲಿ ಏನೂ ಬರಲಿಲ್ಲ. ಅವನ ಬೆನ್ನ ಹಿಂದಿನಿಂದ, ತಟ್ಟೆಯ ಮೇಲಿಂದ, ಸಣ್ಣಗೆ ಮೂಗಿನಲ್ಲಿ ಎಳೆದ ಹಾಜರ್ ಸಾರ್ ಬಂತು. ಮೊದಲ ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ಮೇಷ್ಟ್ರು ತಲೆ ಓರೆ ಮಾಡಿದರು.

“ಇದು ಇಪ್ಪತ್ತಾರು,” ಅಂದರು. “ಮರುಳಪ್ಪ, ಮುಂದೆ ಬಾ.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಅದು ಹೈಸ್ಕೂಲಿನ ಗಟ್ಟಿ ನೆಲ. ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಕೆರೆ, ಹರಿಗೋಲು, ಖಾಲಿ ಕಲ್ಲು, ಒಂದೂ ಬಿಡಲಿಲ್ಲ. ಎಷ್ಟು ದಿನ ಎಂದು ಮೇಷ್ಟ್ರು ಕೇಳಿದರು. ನೂರಾ ನಲವತ್ತಮೂರು ಅಂದೆ. ಅವರು ರಿಜಿಸ್ಟರಿನ ಹಾಳೆಯನ್ನು ಬೆರಳಿನಿಂದ ಸವರಿದರು. ನನಗೆ ಅಳು ಬಂತು. ಅವರ ಒಂದೇ ವಾಕ್ಯದ ಭಾಷಣವನ್ನು ನಾನು ಇಡೀ ಊರಿನ ಮುಂದೆ ಸುಳ್ಳು ಮಾಡಿದ್ದೆ.

“ಆಗ ನನಗೆ ಕಣ್ಣು ಚೆನ್ನಾಗಿತ್ತು,” ಅಂದರು ಮೇಷ್ಟ್ರು. “ಅದಕ್ಕೇ ಕಿವಿ ಸೋಮಾರಿಯಾಗಿತ್ತು. ತಪ್ಪು ನಂದೂ ಇದೆ.” ಆಮೇಲೆ ಕೆಂಪು ಶಾಯಿಯ ಪೆನ್ನು ತರಿಸಿದರು. ಮುಖ್ಯೋಪಾಧ್ಯಾಯಿನಿ ಪಕ್ಕದಲ್ಲಿ ಕೂತು ಇವರು ಹೇಳಿದ ಹಾಗೆ ಒಂದೊಂದೇ ಗುರುತು ಹೊಡೆದು ‘ಗೈರು’ ಎಂದು ಬರೆಯುತ್ತ ಹೋದರು. ನೂರಾ ನಲವತ್ತಮೂರು ಬರೆಯುವವರೆಗೂ ಒಬ್ಬನೇ ಒಬ್ಬ ಎದ್ದು ಹೋಗಲಿಲ್ಲ. ಅದು ಮುಗಿದ ಮೇಲೆ ಮೇಷ್ಟ್ರು, ಕ್ರಮ ಕ್ರಮವೇ, ಹಾಜರ್ ಅಂದವನಿಗೇ ಶಾಲು ಎಂದು ತೀರ್ಪು ಕೊಟ್ಟರು. ಹೀಗೆ ಕೆರೆಗೆ ಕಾಲು ಇಳಿಬಿಡದ ನನಗೆ ಹಾರ ಹಾಕಿ, ಶಾಲು ಹೊದಿಸಿ, ಸನ್ಮಾನಪತ್ರ ಓದಿದರು. ಏಳು ಸಮುದ್ರ ದಾಟಿದ ಧೀರ, ಅಲೆಗಳ ಎದೆಯ ಮೇಲೆ ನಡೆದ ವೀರ ಎಂದೆಲ್ಲ ಇತ್ತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಕಣ್ಣಲ್ಲಿ ನೀರು, ಹುಬ್ಬಿನಲ್ಲಿ ಹಿಟ್ಟು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಗುಣಪಾಲ.

ಚಪ್ಪಾಳೆ ನಿಂತ ಮೇಲೆ ಅವನು ಮೇಷ್ಟ್ರ ಮುಂದೆ ಬಂದು ಕೈ ಕಟ್ಟಿ ನಿಂತ. ಮುಖ ಕೆಂಪಗಾಗಿತ್ತು. “ಸಾರ್, ಹಡಗಲ್ಲಿ ನಾನು ಬಂದೆ ಅಂದ್ರೆ ಎಲ್ರೂ ಎದ್ದು ನಿಲ್ತಾರೆ,” ಅಂದ. “ಇಲ್ಲಿ ನಾನು ಇದ್ದೆ ಅನ್ನೋಕೆ ಒಂದು ಸಾಕ್ಷಿ ಇಲ್ಲ. ಈಗ ಕ್ಲಾಸಿಗೆ ಬರ್ಲಾ?”

“ಸೋಮವಾರ ಹತ್ತು ಗಂಟೆ,” ಅಂದರು ಮೇಷ್ಟ್ರು. “ತಡ ಆದ್ರೆ ಹೊರಗೆ ನಿಲ್ತೀಯ.”

ಆ ಸೋಮವಾರದಿಂದ ನಮ್ಮೂರಿಗೆ ಹಿಡಿದ ಹುಚ್ಚನ್ನು ಹೇಗೆ ಹೇಳಲಿ. ಐವತ್ತಮೂರು ವರ್ಷದ ಕ್ಯಾಪ್ಟನ್ ಹತ್ತನೇ ತರಗತಿಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ. ಮೇಷ್ಟ್ರು ದಿನವೂ ಆಟೋದಲ್ಲಿ ಬಂದು ಒಂದೇ ಒಂದು ನಂಬರು ಕೂಗಿ ಹೋಗುತ್ತಿದ್ದರು. ಇಂದುಮತಿ ಫೋನು ಹಚ್ಚಿ ಹಿಡಿದು ತರಗತಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಈ ಕಡೆ ಗಿರಣಿಯಲ್ಲಿ ದಾಕ್ಷಾಯಿಣಿ ಇನ್ನೊಂದು ಫೋನು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದಳು. ಮೊದಲ ದಿನ ಗುಣಪಾಲ ಬೇಕೆಂದೇ ಜೋರಾಗಿ ಹಾಜರ್ ಅಂದ. ಅಷ್ಟರಲ್ಲಿ ನನ್ನ ಮೂಗಿನ ಹಾಜರ್ ಫೋನಿನಲ್ಲಿ ಹೋಗಿ ಮುಟ್ಟಿತ್ತು. ಹೇಳಿದ ಹಾಜರ್ ಬೇರೆ, ಬಂದ ಹಾಜರ್ ಬೇರೆ, ಇದು ಹೇಳಿದ್ದು ಎಂದು ಮೇಷ್ಟ್ರು ತಲೆಯಾಡಿಸಿದರಂತೆ. ಹತ್ತು ಗಂಟೆಗೆ ಗಿರಣಿಗೆ ಬರುವ ಹೆಂಗಸರು ಹೆಚ್ಚಾದರು. ಒಂದು ಸೇರು ರಾಗಿ ತಂದು ಎರಡು ಗಂಟೆ ನಿಲ್ಲುವರು. ನನ್ನ ಬಾಯಿಂದ ಹಾಜರ್ ಬಂದೊಡನೆ, ಇವತ್ತೂ ಬಂತಲ್ಲಪ್ಪ ಎಂದು ನಿಟ್ಟುಸಿರು ಬಿಟ್ಟು ಹೋಗುವರು. ಬಸ್‌ಸ್ಟ್ಯಾಂಡಿನ ಹಲಗೆಯ ಮೇಲೆ ನೂರಕ್ಕೆ ಇನ್ನೆಷ್ಟು ಬಾಕಿ ಎಂದು ದಿನಗಳ ಲೆಕ್ಕ ಬರೆಯತೊಡಗಿದರು.

ಐವತ್ತಾಯಿತು, ಎಪ್ಪತ್ತಾಯಿತು. ಗುಣಪಾಲ ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಬಂದ. ಕಿಟಕಿಯಿಂದ ಕೆರೆ ಕಾಣುತ್ತದೆ, ನೋಡದೆ ಕೂರುತ್ತಾನೆ ಎಂದು ಇಂದುಮತಿ ಹೇಳಿದಳು. ಎಂಬತ್ತೆಂಟನೇ ದಿನ ಅವನ ಕಂಪನಿಯಿಂದ ಫೋನು ಬಂತು. ಹೊಸ ಹಡಗು, ಅವರಲ್ಲೇ ಎಲ್ಲಕ್ಕಿಂತ ದೊಡ್ಡದು. ವಾರದೊಳಗೆ ಬಂದು ಸೇರಿದರೆ ಇವನಿಗೆ, ಇಲ್ಲದಿದ್ದರೆ ಇನ್ನೊಬ್ಬನಿಗೆ. ಹತ್ತು ವರ್ಷದಿಂದ ಅವನು ಅದಕ್ಕಾಗಿ ಕಾಯುತ್ತಿದ್ದ. ಸಂಜೆ ಗಿರಣಿಗೆ ಬಂದು ಗೋಣಿಚೀಲದ ಮೇಲೆ ಕೂತು ವಿಷಯ ಹೇಳಿದ. ನನಗೆ ತಡೆಯಲಾಗಲಿಲ್ಲ.

“ಹೋಗೋ ಮಾರಾಯ,” ಅಂದೆ. “ಇನ್ನು ಹನ್ನೆರಡು ದಿನ ತಾನೆ, ನಾನೇ ಹೇಳ್ತೀನಿ ಬಿಡು. ಇಷ್ಟು ವರ್ಷ ಹೇಳಿಲ್ವಾ.”

ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. “ಅದಕ್ಕೇ ಹೋಗಲ್ಲ ಕಣೋ ಮರುಳ,” ಅಂದ. ನನ್ನ ಎದುರಿಗೇ ಕಂಪನಿಗೆ ಫೋನು ಮಾಡಿ, ಆಗುವುದಿಲ್ಲ, ಶಾಲೆಗೆ ಹೋಗುತ್ತಿದ್ದೇನೆ ಎಂದು ಹೇಳಿದ. ಆ ಕಡೆಯವನು ಮಕ್ಕಳ ಶಾಲೆಯಾ ಎಂದು ಕೇಳಿರಬೇಕು, ಇವನು, ಅಲ್ಲ, ನನ್ನದೇ ಅಂದ. ಮರುದಿನ ಆ ಸುದ್ದಿ ಊರೆಲ್ಲ ಹಬ್ಬಿತು. ಸೋತವನನ್ನು ನೋಡುವ ಹಾಗೆ ಯಾರೂ ಅವನನ್ನು ನೋಡಲಿಲ್ಲ. ಹತ್ತು ಗಂಟೆಗೆ ಅವನು ನಡೆದು ಹೋಗುವಾಗ ಅಂಗಡಿಯವರು ಎದ್ದು ನಿಂತರು.

ನೂರನೇ ದಿನ ಬುಧವಾರ. ಗಿರಣಿಯಲ್ಲಿ ಹಿಟ್ಟಿಗಿಂತ ಜನ ಜಾಸ್ತಿ. ಗಿರಣಿ ಓಡಿಸಬೇಡಿ ಎಂದು ಹೆಂಗಸರೇ ಬೆಲ್ಟು ಹಿಡಿದುಕೊಂಡು ನಿಂತಿದ್ದರು. ಫೋನಿನಲ್ಲಿ ಇಂದುಮತಿಯ ಉಸಿರು ಕೇಳುತ್ತಿತ್ತು. ಇಪ್ಪತ್ತೇಳು ಎಂದು ಮೇಷ್ಟ್ರ ದನಿ ಫೋನಿನಲ್ಲಿ ಬಂತು. ನನ್ನ ಬಾಯಿ ತೆರೆಯಿತು. ತೆರೆದೇ ಇತ್ತು. ಏನೂ ಬರಲಿಲ್ಲ. ಎರಡು ಬೀದಿ ಆಚೆಯ ಹೈಸ್ಕೂಲಿನಿಂದ, ಫೋನಿನಲ್ಲಿ ಅಲ್ಲ, ಗಾಳಿಯಲ್ಲೇ, ಅಲೆಯ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲಿನ ಹಾಜರ್ ಸಾರ್ ಬಂದು ಗಿರಣಿಯ ತಗಡನ್ನು ಅಲ್ಲಾಡಿಸಿತು. ಬಂದದ್ದು ಎಂದು ಮೇಷ್ಟ್ರು ಹೇಳುವುದಕ್ಕೂ ಯಾರೂ ಕಾಯಲಿಲ್ಲ. ಕೇಕೆ, ಶಿಳ್ಳೆ, ಯಾರೋ ನನ್ನ ತಲೆಯ ಮೇಲೆ ಒಂದು ಬೊಗಸೆ ಹಿಟ್ಟು ಸುರಿದರು. ನಾನು ಸನ್ಮಾನದ ಶಾಲನ್ನು ಎತ್ತಿಕೊಂಡು ಚಪ್ಪಲಿಯಿಲ್ಲದೆ ಓಡಿದೆ. ಊರೇ ನನ್ನ ಹಿಂದೆ ಓಡಿತು. ತರಗತಿಯೊಳಗೆ ನುಗ್ಗಿ ಅವನಿಗೆ ಹೊದಿಸಿದೆ. ಅವನು ಬೆಂಚಿನಿಂದ ಮೊಣಕಾಲು ಬಿಡಿಸಿಕೊಳ್ಳಲಾಗದೆ ಕೂತಲ್ಲೇ ಅಳುತ್ತಿದ್ದ. ಇಬ್ಬರೂ ಅತ್ತೆವು, ನಾಚಿಕೆಯೇನೂ ಆಗಲಿಲ್ಲ. ಇನ್ನೂ ನಲವತ್ತಮೂರು ದಿನ ಬಾಕಿ ಇದೆ, ಮುಂದಿನ ರಜೆಗೆ ಬಾ ಎಂದರು ಮೇಷ್ಟ್ರು.

ಅವನು ಹೋಗಿ ಒಂದು ಚಿಕ್ಕ ಹಡಗು ಸೇರಿದ. ಮೊನ್ನೆ ಶುಕ್ರವಾರ ನಮ್ಮ ಬ್ಯಾಚಿನ ಸರದಿ ಬಂತು. ಗಿರಣಿಗೆ ಬೀಗ ಹಾಕಿ, ಮೊದಲ ಸಲ ಹಾಜರಿಗೆಂದು ಹೈಸ್ಕೂಲಿಗೆ ಹೋಗಿ ನನ್ನ ಬೆಂಚಿನಲ್ಲಿ ಕೂತೆ. ಮೇಷ್ಟ್ರೇ ಕೂಗಿದರು. ಇಪ್ಪತ್ತಾರಕ್ಕೆ ನನ್ನ ದನಿ ಬಂತು. ಇಪ್ಪತ್ತೇಳು ಅಂದರು. ಪಕ್ಕದ ಜಾಗ ಖಾಲಿ. ನನ್ನ ಬಾಯಿ ಸುಮ್ಮನಿತ್ತು. ಹೇಳಬೇಕು ಅಂತ ಎಷ್ಟು ಆಸೆಯಾಯಿತು ಅಂದರೆ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೇಳಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದರು. ಆಮೇಲೆ “ಗೈರು” ಅಂದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಹೊರಗೆ ಬಂದವನೇ ಫೋನು ಹಚ್ಚಿದೆ. ಎಲ್ಲೋ ನಡುಸಮುದ್ರದಲ್ಲಿದ್ದ, ಗಾಳಿ ಬುಸುಗುಡುತ್ತಿತ್ತು. ಇವತ್ತು ಕ್ಲಾಸಲ್ಲಿ ನೀನು ಗೈರು ಕಣೋ, ಮೇಷ್ಟ್ರೇ ಬಾಯಿಬಿಟ್ಟು ಹೇಳಿದರು ಅಂದೆ.

“ನಿಜವಾಗ್ಲೂ?” ಅಂದ. “ಇನ್ನೊಂದ್ಸಲ ಹೇಳೋ.”